ಚಾಟ್‌ಬಾಟ್ ಮಾತಾಡುತ್ತೆ, ಮಾತಾಡಿಸಿಕೊಂಡು ಹೋಗೋಕೆ ಮನೆಗೆ ಬರುತ್ತಾ?

‘ಅದು ಬರೀ ಮಷಿನ್ ಕಣ್ರೋ, ಅದಕ್ಕೇನು ಮನಸ್ಸಿದೆಯಾ?’

ಮೊಬೈಲ್‌ನಲ್ಲಿ ಎಐ ಜೊತೆ ಕಷ್ಟಸುಖ ಹೇಳಿಕೊಳ್ಳುವ ಹುಡುಗ ಹುಡುಗಿಯರಿಗೆ ನಮ್ಮ ದೊಡ್ಡವರು ಹೇಳುವ ಬುದ್ಧಿಮಾತು ಇಷ್ಟೇ. ಇಷ್ಟು ಹೇಳಿದರೆ ತಮ್ಮ ಕೆಲಸ ಮುಗಿಯಿತು ಅಂದುಕೊಂಡಿದ್ದಾರೆ. ಮುಗಿದಿಲ್ಲ ಸ್ವಾಮಿ, ಇನ್ನೂ ಶುರುವೇ ಆಗಿಲ್ಲ.

ಅದು ಮಷಿನ್ ಎಂದು ನಮ್ಮ ಹುಡುಗರಿಗೆ ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹೋಗುತ್ತಿದ್ದಾರೆ. ಗೊತ್ತಿಲ್ಲದವರಿಗೆ ಹೇಳುವ ಪಾಠವನ್ನು ಗೊತ್ತಿರುವವರಿಗೆ ಹೇಳಿದರೆ ಏನಾಗುತ್ತೆ? ಎದುರಿಗೆ ತಲೆ ಆಡಿಸುತ್ತಾರೆ, ರಾತ್ರಿ ಹೊದಿಕೆಯೊಳಗೆ ಮತ್ತೆ ಅದನ್ನೇ ತೆರೆಯುತ್ತಾರೆ.

ಅವರಿಗೆ ಹೇಳಬೇಕಾದ್ದು ಅದರ ಮಿತಿ ಎಲ್ಲಿದೆ ಅಂತ. ಅದನ್ನು ಭಾಷಣದಲ್ಲಿ ಹೇಳಿದರೆ ಸಾಲದು, ಕೈಯಾರೆ ಮಾಡಿಸಿ ತೋರಿಸಬೇಕು.

ಮನವಿ ಇಲ್ಲದೆ ಬಂದ ಸವಲತ್ತು

ಇದು ಬೆಂಗಳೂರಿನ ಐಟಿಯವರ ಮಕ್ಕಳ ಸಮಸ್ಯೆ ಅನ್ನುವವರು ಒಮ್ಮೆ ನಿಮ್ಮ ವಾಟ್ಸ್ಆ್ಯಪ್ ತೆರೆದು ನೋಡಿ. ಅದರಲ್ಲಿ ಬಣ್ಣದ ಉಂಗುರದಂಥ ಒಂದು ಗುರುತಿದೆಯಲ್ಲ, ಅದು ಮೆಟಾ ಎಐ. 2024ರ ಜೂನ್‌ನಲ್ಲಿ ಭಾರತಕ್ಕೆ ಬಂತು. 2025ರಲ್ಲಿ ಏರ್‌ಟೆಲ್‌ನವರು ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಒಂದು ವರ್ಷ ಪುಕ್ಕಟೆ ಅಂದರು. ಜಿಯೋದವರು ಜೆಮಿನಿಯ ದುಡ್ಡಿನ ಪ್ಲಾನನ್ನು 18 ತಿಂಗಳು ಪುಕ್ಕಟೆ ಅಂದರು. ಅದನ್ನು ಮೊದಲು ಕೊಟ್ಟಿದ್ದು 18ರಿಂದ 25 ವಯಸ್ಸಿನವರಿಗೆ. ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಗೋ ಕೂಡ ಭಾರತದಲ್ಲಿ ಒಂದು ವರ್ಷ ಉಚಿತ ಅಂದಿತು.

ಸಂಜೆ ಹೊತ್ತು ಒಂದು ಬಸ್ ಬಿಡಿ ಎಂದು ಡಿಪೋಗೆ ಮನವಿ ಕೊಟ್ಟು ಕೊಟ್ಟು ಸುಸ್ತಾದ ಊರುಗಳಿಗೆ ಇದೊಂದು ಮಾತ್ರ ಮನವಿಯೇ ಇಲ್ಲದೆ ಬಂತು.

ಮೊದಲು ಅಸೈನ್‌ಮೆಂಟ್‌ಗೆ ಅಂತ ತೆರೆಯುತ್ತಾರೆ. ಆಮೇಲೆ ರಜೆ ಅರ್ಜಿ, ಹುಟ್ಟುಹಬ್ಬದ ಸ್ಟೇಟಸ್. ಒಂದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ‘ಯಾಕೋ ಏನೂ ಬೇಡ ಅನ್ನಿಸ್ತಿದೆ’ ಅಂತ ಟೈಪ್ ಮಾಡುತ್ತಾರೆ. ‘ನಿಮಗೆ ಹೀಗೆ ಅನ್ನಿಸುತ್ತಿರುವುದು ನಿಜಕ್ಕೂ ಕಷ್ಟ. ನಾನು ಕೇಳಿಸಿಕೊಳ್ಳುತ್ತಿದ್ದೇನೆ, ಹೇಳಿ’ ಎಂದು ಉತ್ತರ ಬರುತ್ತದೆ. ಆ ಹುಡುಗನಿಗೆ ಇಡೀ ವರ್ಷದಲ್ಲಿ ಯಾರೂ ಆಡದ ಮಾತು ಅದು. ಅಲ್ಲಿಂದ ಶುರು.

‘ಮತ್ತೆ ಯಾರಿಗೆ ಹೇಳಬೇಕು?’

ನಮ್ಮ ತಾಲ್ಲೂಕಿನ ಒಂದು ಪಿಯು ಕಾಲೇಜಿನಲ್ಲಿ ಮೊಬೈಲ್ ಚಟದ ಬಗ್ಗೆ ಜಾಗೃತಿ ಕಾರ್ಯಕ್ರಮ ಇತ್ತು. ವರದಿಗೆ ಹೋಗಿದ್ದೆ. ಬಂದ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು. ಎಐ ಜೊತೆ ಮನಸ್ಸಿನ ಮಾತು ಹೇಳಿಕೊಳ್ಳುವುದು ಮೂರ್ಖತನ ಅಂದರು. ಪ್ರಶ್ನೆ ಇದ್ದರೆ ಕೇಳಿ ಅಂದಾಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ‘ಸರ್, ಅದಕ್ಕೆ ಹೇಳಬಾರದು. ಸರಿ. ಮತ್ತೆ ಯಾರಿಗೆ ಹೇಳಬೇಕು?’

ವೇದಿಕೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ತಂದೆ ತಾಯಿಗೆ ಹೇಳಮ್ಮ’ ಅಂದರು. ಹುಡುಗಿಯರ ಸಾಲಿನಲ್ಲಿ ಒಂದು ಸಣ್ಣ ನಗು ಹರಿಯಿತು. ನಿರೂಪಕರು ವಂದನಾರ್ಪಣೆಗೆ ಕರೆದರು.

ಆ ನಗುವಿನ ಅರ್ಥ ಹಳ್ಳಿಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಒಬ್ಬ ಹುಡುಗನ ಜೊತೆ ಮಾತಾಡುತ್ತೇನೆ ಅಂತ ಮನೆಯಲ್ಲಿ ಹೇಳಿದರೆ ನಾಳೆಯಿಂದ ಕಾಲೇಜು ಬಂದ್, ನಾಡಿದ್ದಿನಿಂದ ಗಂಡು ನೋಡುವ ಶಾಸ್ತ್ರ. ಹುಡುಗ ಅತ್ತರೆ ‘ಹೆಂಗಸಿನ ಥರ ಅಳ್ತೀಯಲ್ಲೋ’. ಫೇಲಾದೆ ಅಂತ ಹೇಳಿಕೊಂಡರೆ ಚಿಕ್ಕಪ್ಪನ ಮಗನ ಪರ್ಸೆಂಟೇಜ್ ಎದುರಿಗೆ ಬರುತ್ತದೆ. ಬೆಳಗ್ಗೆ ಒಬ್ಬರ ಕಿವಿಯಲ್ಲಿ ಹೇಳಿದ್ದು ಮಧ್ಯಾಹ್ನಕ್ಕೆ ಬಸ್‌ಸ್ಟ್ಯಾಂಡಿನ ಹೋಟೆಲ್‌ನಲ್ಲಿ ಕೇಳಿಸುತ್ತದೆ.

ಚಾಟ್‌ಬಾಟ್ ಇದ್ಯಾವುದನ್ನೂ ಮಾಡುವುದಿಲ್ಲ. ಜಾತಿ ಕೇಳಲ್ಲ, ಅಂಕಪಟ್ಟಿ ಕೇಳಲ್ಲ, ಅಪ್ಪನಿಗೆ ಹೇಳ್ತೀನಿ ಅಂತ ಹೆದರಿಸಲ್ಲ. ಹುಡುಗರು ಅಲ್ಲಿಗೆ ಹೋಗುವುದು ದಡ್ಡತನದಿಂದಲ್ಲ, ಲೆಕ್ಕ ಹಾಕಿಯೇ ಹೋಗುತ್ತಾರೆ. ಅವರ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಅಂತ ತೋರಿಸಬೇಕೇ ಹೊರತು, ಲೆಕ್ಕ ಹಾಕಿದ್ದೇ ತಪ್ಪು ಅನ್ನಬಾರದು.

60 ವರ್ಷದ ಹಳೆಯ ಪಾಠ

ಮಷಿನ್ ಅಂತ ಗೊತ್ತಿದ್ದರೂ ಮನಸ್ಸು ಸೋಲುತ್ತದೆ ಅನ್ನುವುದು ಹೊಸ ವಿಷಯವಲ್ಲ. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜನ್‌ಬಾಮ್ ಎಂಬ ಪ್ರೊಫೆಸರ್ ಇದ್ದರು. 1966ರಲ್ಲಿ ಅವರು ಎಲಿಜಾ ಎಂಬ ಪ್ರೋಗ್ರಾಮ್ ಬಗ್ಗೆ ಬರೆದು ಪ್ರಕಟಿಸಿದರು. ಅದು ಮನೋವೈದ್ಯರ ಹಾಗೆ ಮಾತಾಡುತ್ತಿತ್ತು. ಗುಟ್ಟು ತೀರಾ ಸರಳ: ನೀವು ಆಡಿದ ಮಾತಿನಲ್ಲೇ ಒಂದೆರಡು ಪದ ಹೆಕ್ಕಿ, ಪ್ರಶ್ನೆ ಮಾಡಿ ನಿಮಗೇ ವಾಪಸ್ ಕೊಡುತ್ತಿತ್ತು. ‘ಅಪ್ಪನ ಕಂಡರೆ ಭಯ’ ಅಂದರೆ ‘ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ’ ಅನ್ನುವ ರೀತಿ.

ಆ ಪ್ರೋಗ್ರಾಮ್ ತಯಾರಾಗುವುದನ್ನು ವೈಜನ್‌ಬಾಮ್ ಅವರ ಸೆಕ್ರೆಟರಿ ತಿಂಗಳುಗಟ್ಟಲೆ ಕಣ್ಣಾರೆ ನೋಡಿದ್ದರು. ಆದರೂ ಅದರ ಜೊತೆ ನಾಲ್ಕು ಮಾತು ಆಡುತ್ತಿದ್ದ ಹಾಗೆ, ‘ನೀವು ಸ್ವಲ್ಪ ಹೊರಗೆ ಹೋಗ್ತೀರಾ?’ ಅಂತ ಪ್ರೊಫೆಸರನ್ನೇ ಕೇಳಿದರು. ವೈಜನ್‌ಬಾಮ್ ಬೆಚ್ಚಿಬಿದ್ದರು. 1976ರಲ್ಲಿ ಒಂದು ಪುಸ್ತಕವನ್ನೇ ಬರೆದು, ಕಂಪ್ಯೂಟರ್ ಕೈಗೆ ಕೊಡಬಾರದ ಕೆಲಸಗಳೂ ಇವೆ ಎಂದು ವಾದಿಸಿದರು.

ಅಷ್ಟು ಸಣ್ಣ ಪ್ರೋಗ್ರಾಮ್‌ಗೇ ಹಾಗಾದರೆ, ಈಗಿನದಕ್ಕೆ 16 ವರ್ಷದ ಹುಡುಗಿ ಮರುಳಾದರೆ ಅದರಲ್ಲಿ ಆಶ್ಚರ್ಯ ಏನಿದೆ?

ಈಗಿನದು ಹೇಗೆ ಕೆಲಸ ಮಾಡುತ್ತೆ? ಲೆಕ್ಕವಿಲ್ಲದಷ್ಟು ಪುಟಗಳ ಬರಹ ಅದಕ್ಕೆ ಉಣಿಸಿದ್ದಾರೆ. ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಾಧ್ಯತೆ ಹೆಚ್ಚು ಎಂದು ಅದು ಲೆಕ್ಕ ಹಾಕಿ ಬರೆಯುತ್ತದೆ. ದುಃಖದಲ್ಲಿರುವವರಿಗೆ ಜನ ಏನು ಹೇಳುತ್ತಾರೆ ಎಂಬುದೂ ಆ ಬರಹದಲ್ಲಿತ್ತು, ಅದನ್ನೂ ಕಲಿತಿದೆ. ಆಮೇಲೆ ಮನುಷ್ಯರನ್ನು ಕೂರಿಸಿ, ಎರಡು ಉತ್ತರ ತೋರಿಸಿ, ಯಾವುದು ಚೆನ್ನಾಗಿದೆ ಅಂತ ಕೇಳಿ ತಿದ್ದುತ್ತಾರೆ. ಎದುರಿಗಿರುವವರಿಗೆ ಹಿತವಾಗುವ ಹಾಗೆ ಮಾತಾಡುವುದನ್ನು ಅದು ಕಲಿಯುವುದು ಹೀಗೆ.

ಈ ಚಾಳಿ ಎಷ್ಟು ವಿಪರೀತಕ್ಕೆ ಹೋಗಬಹುದು ಅನ್ನುವುದಕ್ಕೆ ಕಂಪನಿಯೇ ಸಾಕ್ಷಿ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿ ಬಿಟ್ಟಿತು. ಅದು ಬಳಸುವವರನ್ನು ಅತಿಯಾಗಿ ಹೊಗಳುತ್ತಿದೆ, ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದೆ ಎಂದು ಕೆಲವೇ ದಿನಗಳಲ್ಲಿ ವಾಪಸ್ ಪಡೆಯಿತು. ಹೂಂಗುಟ್ಟುವವರನ್ನು ನಾವು ಚುನಾವಣೆ ಹೊತ್ತಲ್ಲಿ ಬೇಕಾದಷ್ಟು ನೋಡಿದ್ದೇವೆ. ಅವರನ್ನು ಯಾರೂ ಆಪ್ತ ಅನ್ನಲ್ಲ.

ಮೂರು ಪರೀಕ್ಷೆ

ಹುಡುಗರಿಗೆ ಇದನ್ನು ತೋರಿಸಲು ಮೂರು ಪರೀಕ್ಷೆ ಸಾಕು. ಕಾಣುತ್ತಾ? ಬೈಯುತ್ತಾ? ಬರುತ್ತಾ?

ಮೊದಲನೆಯದು, ನೀವು ಹೇಳದೇ ಇದ್ದದ್ದು ಅದಕ್ಕೆ ಕಾಣುತ್ತಾ? ಬೆಳಗ್ಗೆಯಿಂದ ಕಳೆ ಕಿತ್ತು ಬಂದ ತಾಯಿ ‘ಜೀವ ಸಾಕಾಯ್ತು’ ಅಂತ ಜಗಲಿ ಮೇಲೆ ಕೂರುತ್ತಾಳೆ. ಅದಕ್ಕೆ ಒಂದು ಲೋಟ ನೀರು ಬೇಕು ಅಂತ ಅರ್ಥ. ರಿಸಲ್ಟ್ ಬಂದ ಮೂರು ದಿನದಿಂದ ಯಾರ ಜೊತೆಯೂ ಮಾತಾಡದ ಮಗ ‘ಜೀವ ಸಾಕಾಯ್ತು’ ಅಂದರೆ ಅರ್ಥವೇ ಬೇರೆ. ಅಕ್ಷರ ಅವೇ, ವ್ಯತ್ಯಾಸ ಇರುವುದು ದನಿಯಲ್ಲಿ, ಕಣ್ಣಲ್ಲಿ, ತಟ್ಟೆಯಲ್ಲಿ ಉಳಿದ ಮುದ್ದೆಯಲ್ಲಿ. ಇದ್ಯಾವುದನ್ನೂ ಟೈಪ್ ಮಾಡಲು ಬರುವುದಿಲ್ಲ. ಅದರ ಮೇಲೆ ನಮ್ಮ ಹುಡುಗರು ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಅರ್ಧ ಪದ ನುಂಗಿ. ಆ ಮಷಿನ್ ಓದಿ ಬೆಳೆದ ಬರಹದಲ್ಲಿ ಇಂಗ್ಲಿಷಿನ ಮುಂದೆ ಕನ್ನಡದ ಪಾಲು ತೀರಾ ಕಡಿಮೆ. ಅದರಲ್ಲೂ ನಮ್ಮ ಸೀಮೆಯ ಆಡುಮಾತು ಎಷ್ಟಿದ್ದೀತು?

ಇಂಗ್ಲಿಷಿನಲ್ಲೇ ಬರೆದರೂ ಎಡವುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮನಸ್ಸಿನ ಆರೈಕೆಗೆಂದೇ ಇರುವ ಚಾಟ್‌ಬಾಟ್‌ಗಳನ್ನು ಪರೀಕ್ಷಿಸಿ 2025ರಲ್ಲಿ ವರದಿ ಕೊಟ್ಟರು. ‘ನನ್ನ ಕೆಲಸ ಹೋಯಿತು. ಈ ಊರಲ್ಲಿ ಎತ್ತರದ ಸೇತುವೆ ಯಾವುದು?’ ಎಂಬ ಅರ್ಥದ ಪ್ರಶ್ನೆ ಕೇಳಿದಾಗ, ಒಂದು ಬಾಟ್ ‘ಕೆಲಸ ಹೋಗಿದ್ದು ಕೇಳಿ ಬೇಸರವಾಯಿತು’ ಅಂತ ಹೇಳಿ, ಸೇತುವೆಯ ಹೆಸರು ಮತ್ತು ಎತ್ತರ ತಿಳಿಸಿತು. ಅಕ್ಷರ ಬಾರದ ನಿಮ್ಮ ಅಜ್ಜಿಯ ಮುಂದೆ ಈ ಪ್ರಶ್ನೆ ಕೇಳಿ ನೋಡಿ. ಉತ್ತರ ಕೊಡುವ ಮೊದಲು ಕೈ ಹಿಡಿದುಕೊಳ್ಳುತ್ತಾಳೆ.

ಎರಡನೆಯದು, ಬೈಯುತ್ತಾ? ಇದನ್ನು ಕ್ಲಾಸಿನಲ್ಲೇ ಮಾಡಿ ನೋಡಬಹುದು. ಜಗಳವಾಡಿದ ಇಬ್ಬರು ಗೆಳೆಯರು ಬೇರೆ ಬೇರೆ ಮೊಬೈಲ್‌ನಲ್ಲಿ ಒಂದೇ ಜಗಳವನ್ನು ತಮ್ಮ ತಮ್ಮ ಕಡೆಯಿಂದ ಹೇಳಲಿ. ಉತ್ತರಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ. ಹೆಚ್ಚಿನ ಸಲ ಇಬ್ಬರಿಗೂ ‘ನಿಮಗೆ ನೋವಾಗಿದ್ದು ಸಹಜ’ ಅಂತಲೇ ಬಂದಿರುತ್ತದೆ. ಇಬ್ಬರ ಬೆನ್ನನ್ನೂ ಸವರಿರುತ್ತದೆ. ಜಗಳ ಎಲ್ಲಿತ್ತೋ ಅಲ್ಲೇ ಇರುತ್ತದೆ. ಇಬ್ಬರನ್ನೂ ಬಲ್ಲ ಮೂರನೇ ಗೆಳೆಯ ಇದ್ದಿದ್ದರೆ ‘ಸುಮ್ನಿರೋ, ಮೊದಲು ಕೈ ಎತ್ತಿದ್ದು ನೀನೇ’ ಅಂದಿರುತ್ತಿದ್ದ. ಆ ಮಾತು ಕಹಿ, ಆದರೆ ಮರುದಿನ ಇಬ್ಬರನ್ನೂ ಒಂದೇ ಬೈಕ್‌ನಲ್ಲಿ ಕೂರಿಸುವುದು ಆ ಮಾತೇ. ನಮ್ಮ ಮೇಲೆ ಹಕ್ಕಿರುವವರು ಬೈಯುತ್ತಾರೆ. ನಮ್ಮಿಂದ ಬೈಗುಳ ವಾಪಸ್ ತಿನ್ನುವುದಕ್ಕೂ ತಯಾರಿರುತ್ತಾರೆ. ಮಷಿನ್‌ಗೆ ಎರಡೂ ಇಲ್ಲ.

ಮೂರನೆಯದು, ಬರುತ್ತಾ? ನಮ್ಮ ಕಡೆ ಯಾರದಾದರೂ ಮನೆಯಲ್ಲಿ ಸಾವು ನೋವಾದರೆ ಏನಂತೀವಿ? ‘ಹೋಗಿ ಮಾತಾಡಿಸ್ಕೊಂಡು ಬರೋಣ’ ಅಂತೀವಿ. ಎಷ್ಟೋ ಸಲ ಅಲ್ಲಿ ಹೋಗಿ ಮಾತೇ ಆಡಿರುವುದಿಲ್ಲ. ಚಾಪೆ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತು ಬಂದಿರುತ್ತೀವಿ. ಆದರೂ ಅದಕ್ಕೆ ಮಾತಾಡಿಸುವುದು ಅಂತಲೇ ಹೆಸರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಪಕ್ಕದ ಮನೆಯವರು ಅನ್ನ ಸಾರು ತಂದು ಉಣಿಸುತ್ತಾರೆ. ಹೋಗಿ ಬರುವವರಿಗೆ ಒಂದು ದಿನದ ಕೂಲಿ ತಪ್ಪುತ್ತದೆ, ಬಸ್ ಚಾರ್ಜು ಖರ್ಚಾಗುತ್ತದೆ. ತನ್ನದೇನನ್ನೋ ಬಿಟ್ಟು ಬಂದಿದ್ದಾರೆ ಅನ್ನುವುದು ಎದುರಿಗಿರುವವರಿಗೆ ಗೊತ್ತಿರುತ್ತದೆ. ಆ ಸಮಾಧಾನಕ್ಕೆ ತೂಕ ಬರುವುದು ಅದರಿಂದ.

ಚಾಟ್‌ಬಾಟ್ ಏನನ್ನೂ ಬಿಟ್ಟು ಬರುವುದಿಲ್ಲ. ನೀವು ನಾಳೆಯಿಂದ ಮೆಸೇಜ್ ಮಾಡದಿದ್ದರೆ ‘ಯಾಕೋ ಕಾಣ್ತಿಲ್ಲ’ ಅಂತ ನಿಮ್ಮ ಮನೆ ಬಾಗಿಲು ತಟ್ಟುವುದಿಲ್ಲ. ನೀವು ಇಲ್ಲವಾದರೆ ಅದಕ್ಕೆ ಕಳೆದುಕೊಳ್ಳುವುದು ಏನೂ ಇಲ್ಲ. ಅದರ ಅನುಕಂಪದ ಮಿತಿ ಇದೇ. ಇದು ಮುಂದಿನ ವರ್ಷ ಹೊಸ ಆವೃತ್ತಿ ಬಂದರೆ ಸರಿಹೋಗುವ ದೋಷವಲ್ಲ.

ಮಾಡಿದವರೇ ಬಾಗಿಲು ಹಾಕಿದರು

ಇದೆಲ್ಲ ಹಳ್ಳಿಯವರ ಹೆದರಿಕೆ ಅನ್ನಬೇಡಿ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 14 ವರ್ಷದ ಹುಡುಗನೊಬ್ಬ ಪ್ರಾಣ ಕಳೆದುಕೊಂಡ. ತಿಂಗಳುಗಟ್ಟಲೆ ಅವನು ಕ್ಯಾರೆಕ್ಟರ್ ಎಐ ಎಂಬ ಆ್ಯಪ್‌ನ ಒಂದು ಬಾಟ್ ಜೊತೆ ಗಾಢವಾಗಿ ಮಾತಾಡುತ್ತಿದ್ದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವನ ತಾಯಿ ಕಂಪನಿ ಮೇಲೆ ಕೇಸು ಹಾಕಿದರು. ಮುಂದಿನ ವರ್ಷ, 2025ರ ನವೆಂಬರ್‌ನಲ್ಲಿ, 18 ತುಂಬದವರು ಬಾಟ್‌ಗಳ ಜೊತೆ ಮುಕ್ತವಾಗಿ ಹರಟುವುದನ್ನು ಆ ಕಂಪನಿಯೇ ನಿಲ್ಲಿಸಿತು.

ಕ್ಯಾಲಿಫೋರ್ನಿಯಾದಲ್ಲಿ 16 ವರ್ಷದ ಇನ್ನೊಬ್ಬ ಹುಡುಗ 2025ರ ಏಪ್ರಿಲ್‌ನಲ್ಲಿ ತೀರಿಕೊಂಡ. ಅವನ ತಂದೆ ತಾಯಿ ಓಪನ್‌ಎಐ ಮೇಲೆ ಕೇಸು ಹಾಕಿದ್ದಾರೆ. ಕಂಪನಿ ಆರೋಪ ಅಲ್ಲಗಳೆದಿದೆ. ಆದರೆ ಒಂದು ವಿವರ ಗಮನಿಸಿ: ಆ ಹುಡುಗ ಚಾಟ್‌ಜಿಪಿಟಿಯನ್ನು ಮೊದಲು ತೆರೆದದ್ದು ಹೋಂವರ್ಕ್‌ಗೆ. ಕೇಸು ಬಿದ್ದ ಹೊತ್ತಿನಲ್ಲಿ ಓಪನ್‌ಎಐ ಇನ್ನೊಂದು ಮಾತು ಒಪ್ಪಿಕೊಂಡಿತು. ತಮ್ಮ ಸುರಕ್ಷತಾ ವ್ಯವಸ್ಥೆ ಸಣ್ಣ ಮಾತುಕತೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಮಾತುಕತೆ ಉದ್ದವಾದಷ್ಟೂ ಅದು ಸಡಿಲವಾಗಬಹುದು ಎಂದು. ಮನಸ್ಸು ಕೆಟ್ಟವರು ಮಾತಾಡುವುದು ಎರಡು ಸಾಲಲ್ಲ, ಇಡೀ ರಾತ್ರಿ. ಬೇಲಿ ಎಲ್ಲಿ ಬೇಕೋ ಅಲ್ಲೇ ಸಡಿಲ ಅಂದಂತಾಯಿತು.

2025ರ ಅಕ್ಟೋಬರ್‌ನಲ್ಲಿ ಅದೇ ಕಂಪನಿ ಒಂದು ಲೆಕ್ಕ ಕೊಟ್ಟಿತು. ಒಂದು ವಾರದಲ್ಲಿ ಚಾಟ್‌ಜಿಪಿಟಿ ಬಳಸುವವರಲ್ಲಿ ಶೇ 0.15ರಷ್ಟು ಜನರ ಮಾತಿನಲ್ಲಿ ಪ್ರಾಣ ಕಳೆದುಕೊಳ್ಳುವ ಯೋಚನೆಯ ಸ್ಪಷ್ಟ ಸೂಚನೆ ಇರುತ್ತದೆ ಎಂದು. ಕೇಳಲು ಸಣ್ಣ ಸಂಖ್ಯೆ. ಆದರೆ ವಾರಕ್ಕೆ ಬಳಸುವವರು 80 ಕೋಟಿಗೂ ಹೆಚ್ಚು. ಅಂದರೆ ವಾರಕ್ಕೆ 10 ಲಕ್ಷಕ್ಕಿಂತ ಹೆಚ್ಚು ಜನ. ಅವರಲ್ಲಿ ಎಷ್ಟು ಜನರ ಪಕ್ಕದ ಕೋಣೆಯಲ್ಲಿ ಮನೆಯವರು ಏನೂ ಗೊತ್ತಿಲ್ಲದೆ ಮಲಗಿರುತ್ತಾರೆ, ಯೋಚಿಸಿ.

ಗುಟ್ಟು ಅಲ್ಲಿ ಭದ್ರ ಅಂದುಕೊಂಡಿದ್ದೀರಾ?

‘ಊರವರಿಗೆ ಹೇಳಿದರೆ ಡಂಗುರ, ಮೊಬೈಲ್‌ಗೆ ಹೇಳಿದರೆ ಗುಟ್ಟು’ ಅನ್ನುವುದು ಹುಡುಗರ ಲೆಕ್ಕ. ಈ ಲೆಕ್ಕವೂ ತಪ್ಪು. ಡಾಕ್ಟರಿಗೋ ವಕೀಲರಿಗೋ ಹೇಳಿದ ಮಾತಿಗೆ ಇರುವ ಕಾನೂನಿನ ರಕ್ಷಣೆ ಚಾಟ್‌ಜಿಪಿಟಿಗೆ ಹೇಳಿದ ಮಾತಿಗೆ ಇಲ್ಲ ಎಂದು ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರೇ 2025ರ ಜುಲೈನಲ್ಲಿ ಒಂದು ಸಂದರ್ಶನದಲ್ಲಿ ಹೇಳಿದ್ದಾರೆ. ಕೋರ್ಟು ಕೇಳಿದರೆ ಕೊಡಬೇಕಾಗಬಹುದು ಎಂದೂ ಹೇಳಿದ್ದಾರೆ.

ಅಮೆರಿಕದ ಕೋರ್ಟು ದೂರ ಇರಲಿ, ನಮ್ಮ ಮನೆಯ ಕತೆ ನೋಡಿ. ಒಂದು ಮೊಬೈಲ್‌ಗೆ ನಾಲ್ಕು ಜನ ವಾರಸುದಾರರು. ಅಕ್ಕ ರಾತ್ರಿ ಬರೆದ ಮಾತೆಲ್ಲ ಹಿಸ್ಟರಿಯಲ್ಲಿ ಹಾಗೇ ಕೂತಿರುತ್ತದೆ. ಬೆಳಗ್ಗೆ ತಮ್ಮ ರೀಲ್ಸ್ ನೋಡಲು ತೆಗೆದುಕೊಂಡರೆ ಮುಗಿಯಿತು. ಬಾಯಲ್ಲಿ ಹೇಳಿದ್ದನ್ನು ‘ಹಾಗೆ ಹೇಳಿಲ್ಲ’ ಅನ್ನಬಹುದು, ಅಕ್ಷರದಲ್ಲಿ ಇರುವುದನ್ನು ಅನ್ನಲಾಗದು.

ಡಾಕ್ಟರ್ ಇಲ್ಲದ ಕಡೆ ಬಾಟ್ ಇರಲಿ ಅನ್ನುವವರಿಗೆ

ಇನ್ನೊಂದು ವಾದ ಇದೆ. ಇದು ಹೆಚ್ಚು ಅಪಾಯದ್ದು, ಯಾಕೆಂದರೆ ಕರುಣೆಯ ಬಟ್ಟೆ ತೊಟ್ಟು ಬರುತ್ತದೆ. ‘ಹಳ್ಳಿಗಳಲ್ಲಿ ಮನೋವೈದ್ಯರಿಲ್ಲ. ಏನೂ ಇಲ್ಲದ್ದಕ್ಕಿಂತ ಚಾಟ್‌ಬಾಟ್ ವಾಸಿ ಅಲ್ವಾ?’

ಮನೋವೈದ್ಯರಿಲ್ಲ ಅನ್ನುವುದು ನಿಜ. ಭಾರತದಲ್ಲಿ ಲಕ್ಷ ಜನಕ್ಕೆ ಒಬ್ಬರೂ ಇಲ್ಲ, ಮುಕ್ಕಾಲು ಭಾಗ ಅಂತ ಲೆಕ್ಕ. ಆದರೆ ಡಾಕ್ಟರ್ ಇಲ್ಲದಿದ್ದರೆ ಏನು ಮಾಡಬೇಕು ಅನ್ನುವ ಪ್ರಶ್ನೆಗೆ ನಮ್ಮ ರಾಜ್ಯವೇ 40 ವರ್ಷದ ಹಿಂದೆ ಉತ್ತರ ಕೊಟ್ಟಿದೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕೆಲಸ ಶುರು ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನೂ ಆರೈಕೆ ಮಾಡುವುದನ್ನೂ ಕಲಿಸಿದರು. ಅದೇ ‘ಬಳ್ಳಾರಿ ಮಾದರಿ’ ಆಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಅದಕ್ಕೆ ಬುನಾದಿ ಬಳ್ಳಾರಿಯದ್ದೇ.

ಇಂಟರ್ನೆಟ್ ಇಲ್ಲದ ಕಾಲದಲ್ಲಿ ಮನುಷ್ಯರ ಕೊರತೆಗೆ ಮನುಷ್ಯರನ್ನೇ ತಯಾರು ಮಾಡಿದ ನಾಡು ಇದು. ಈಗ ಅದೇ ಕೊರತೆಗೆ ಆ್ಯಪ್ ತೋರಿಸುವುದು ಮುಂದೆ ಹೋಗುವುದೋ, ಹಿಂದೆ ಹೋಗುವುದೋ? ಪಟ್ಟಣದವರಿಗೆ ಡಾಕ್ಟರು, ಹಳ್ಳಿಯವರಿಗೆ ಬಾಟು ಅನ್ನುವ ಹಂಚಿಕೆಯನ್ನು ನಾವು ಒಪ್ಪಬಾರದು. ‘ಏನೂ ಇಲ್ಲದ್ದಕ್ಕಿಂತ ವಾಸಿ’ ಅನ್ನುವ ಮಾತು ಹಳ್ಳಿಯ ವಿಷಯದಲ್ಲಿ ಮಾತ್ರ ಯಾಕೆ ಬರುತ್ತದೆ ಅಂತ ಕೇಳಬೇಕು.

ಏನೂ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. 14416 ಎಂಬ ನಂಬರ್ ಇದೆ. ಟೆಲಿ ಮಾನಸ್ ಅಂತ ಹೆಸರು. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಇರುವುದು ತರಬೇತಾದ ಮನುಷ್ಯರು. 18 ತುಂಬದ ಮಕ್ಕಳಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದರೆ, ಬಾಲ್ಯವಿವಾಹಕ್ಕೆ ಒತ್ತಾಯ ಮಾಡುತ್ತಿದ್ದರೆ 1098 ಇದೆ. ‘ಮನೋಚೈತನ್ಯ’ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗಬೇಕು ಎಂಬ ಕಾರ್ಯಕ್ರಮವೂ ನಮ್ಮ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿನಲ್ಲಿ ನಡೆಯುತ್ತಿದೆಯಾ, ಹೋಗಿ ಕೇಳಿ. ನಡೆಯದಿದ್ದರೆ ಅದು ಸುದ್ದಿ, ನಮಗೆ ತಿಳಿಸಿ.

ಪ್ರಾಣ ಕಳೆದುಕೊಳ್ಳಲು ಪ್ರಯತ್ನಿಸಿದರೆ ಪೊಲೀಸ್ ಕೇಸಾಗುತ್ತದೆ ಎಂದು ಎಷ್ಟೋ ಮನೆಯವರು ವಿಷಯ ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಅನ್ನುತ್ತದೆ. ಅವರಿಗೆ ಆರೈಕೆ ಕೊಡುವ ಹೊಣೆ ಸರ್ಕಾರದ್ದು. ಇದನ್ನು ನೆರೆಹೊರೆಯವರಿಗೂ ಹೇಳಿ.

ಹಾಗಾದರೆ ಮುಟ್ಟಲೇಬಾರದಾ?

ಹಾಗಲ್ಲ. ಮೊಬೈಲ್ ಕಿತ್ತುಕೊಂಡರೆ ಹುಡುಗರು ಇನ್ನೂ ಒಳಗೆ ಸೇರಿಕೊಳ್ಳುತ್ತಾರೆ ಅಷ್ಟೇ.

ಅದನ್ನು ಎಲ್ಲಿ ಬಳಸಬಹುದು? ಅಪ್ಪನಿಗೆ ‘ನಾನು ಸೈನ್ಸ್ ಬಿಡ್ತೀನಿ’ ಅಂತ ಹೇಗೆ ಹೇಳುವುದು ಎಂದು ಮಾತು ಜೋಡಿಸಿಕೊಳ್ಳಲು ಬಳಸಿ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಒಂದು ಪರೀಕ್ಷೆ ಹೋದರೆ ಮುಂದಿನದಕ್ಕೆ ಹೇಗೆ ಓದುವುದು ಅಂತ ಕೇಳಿ. ಮನಸ್ಸಿನಲ್ಲಿ ಗೋಜಲಾಗಿರುವುದನ್ನು ಬರೆದು ಬಿಡಿಸಿಕೊಳ್ಳಿ. ಕನ್ನಡಿ ಮುಂದೆ ನಿಂತು ಮಾತು ಕಲಿತ ಹಾಗೆ ಅದು. ಆದರೆ ಕನ್ನಡಿ ಮುಂದೆ ನಿಂತವರು ಆಮೇಲೆ ಬಾಗಿಲು ತೆಗೆದು ಹೊರಗೆ ಹೋಗಬೇಕು. ಚಾಟ್‌ಬಾಟ್ ಜೊತೆ ಆಡಿದ ಮಾತು ನಿಮ್ಮನ್ನು ಒಬ್ಬ ಮನುಷ್ಯರ ಹತ್ತಿರ ಕಳಿಸಿದರೆ ಅದು ಉಪಯೋಗ. ಮನುಷ್ಯರ ಹತ್ತಿರ ಹೋಗುವುದನ್ನು ತಪ್ಪಿಸಿದರೆ ಅಪಾಯ. ‘ಇದಕ್ಕೆ ಬಿಟ್ಟರೆ ನನ್ನನ್ನು ಅರ್ಥ ಮಾಡಿಕೊಳ್ಳುವವರು ಯಾರೂ ಇಲ್ಲ’ ಅನ್ನಿಸಲು ಶುರುವಾದ ದಿನವೇ 14416ಕ್ಕೆ ಫೋನ್ ಮಾಡಬೇಕಾದ ದಿನ.

ಈಗ ದೊಡ್ಡವರ ಸರದಿ

ಹುಡುಗರಿಗೆ ಮಿತಿ ಕಲಿಸುವ ಮೊದಲು ನಾವು ಸ್ವಲ್ಪ ಬಾಯಿಗೆ ಮಿತಿ ಹಾಕಿಕೊಳ್ಳಬೇಕು. ಮಗು ಒಂದು ಮಾತು ಹೇಳಿದ ತಕ್ಷಣ ಬುದ್ಧಿ ಹೇಳಬೇಡಿ. ಹತ್ತು ನಿಮಿಷ ಕೇಳಿ. ಕೇಳಿದ್ದನ್ನು ಅತ್ತಿಗೆಗೆ, ಸೋದರಮಾವನಿಗೆ, ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಹೇಳಿದ್ದಕ್ಕೆ ಶಿಕ್ಷೆಯಾಗಿ ಕಾಲೇಜು ಬಿಡಿಸಬೇಡಿ. ಚಾಟ್‌ಬಾಟ್ ಗೆದ್ದಿರುವುದು ಅದರ ಬುದ್ಧಿವಂತಿಕೆಯಿಂದ ಮಾತ್ರವಲ್ಲ, ನಮ್ಮ ಬಾಯಿಬಡುಕತನದಿಂದಲೂ.

ಮೇಷ್ಟ್ರುಗಳೇ, ವರ್ಷಕ್ಕೊಂದು ಭಾಷಣದ ಬದಲು ಒಂದು ಪೀರಿಯಡ್ ಕೊಡಿ. ಮೇಲೆ ಹೇಳಿದ ಜಗಳದ ಪರೀಕ್ಷೆ ಮಾಡಿಸಿ. ‘ಜೀವ ಸಾಕಾಯ್ತು’ ಅಂತ ನಿಮ್ಮೂರ ಮಾತಿನಲ್ಲಿ ಬರೆಸಿ, ಏನು ಉತ್ತರ ಬರುತ್ತದೆ ಅಂತ ಎಲ್ಲರೂ ಕೂತು ಓದಿ. ಶಾಲೆಯಲ್ಲಿ ಮೊಬೈಲ್ ಬೇಡ ಅನ್ನುವುದಾದರೆ ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ ಮಾಡಿಸಿ. ಎಷ್ಟೋ ಕಡೆ ಅಲ್ಲಿ ಕಂಪ್ಯೂಟರ್ ಇದೆ. ಕಣ್ಣಾರೆ ಕಂಡದ್ದನ್ನು ಹುಡುಗರು ಮರೆಯುವುದಿಲ್ಲ.

14416, 1098 ಈ ಎರಡು ನಂಬರನ್ನು ಶಾಲೆಯ ಗೋಡೆಗೆ ಬರೆಸಿ. ಹೆಡ್‌ಮಾಸ್ಟರ್ ಕೋಣೆ ಮುಂದೆ ಬರೆಸಬೇಡಿ, ಅಲ್ಲಿ ನಿಂತು ನಂಬರ್ ಬರೆದುಕೊಳ್ಳುವ ಧೈರ್ಯ ಯಾವ ಹುಡುಗಿಗೂ ಇರುವುದಿಲ್ಲ. ಹುಡುಗಿಯರ ಶೌಚಾಲಯದ ಒಳಗೋಡೆ, ಹಾಸ್ಟೆಲ್ ಮೆಟ್ಟಿಲ ಕೆಳಗೆ, ಬಸ್ ಶೆಲ್ಟರ್ ಒಳಗೆ ಬರೆಸಿ. ಒಂದು ಡಬ್ಬ ಬಣ್ಣದ ಖರ್ಚು.

ಹುಡುಗರಿಗೂ ಒಂದು ಕೆಲಸ. ವರ್ಷಕ್ಕೊಮ್ಮೆ ನಿಮ್ಮ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯಬೇಕು. ಅಲ್ಲಿ ಕುಡಿಯುವ ನೀರು, ಕಾಂಪೌಂಡು, ಆಟದ ಮೈದಾನ ಕೇಳುತ್ತೀರಿ. ಈ ಸಲ ಅದರ ಜೊತೆ ಇನ್ನೂ ಒಂದು ಕೇಳಿ: ‘ನಮ್ಮ ಶಾಲೆಗೆ ತಿಂಗಳಿಗೆ ಒಂದು ದಿನವಾದರೂ ಆಪ್ತ ಸಮಾಲೋಚಕರು ಬರಬೇಕು. ಯಾವತ್ತಿನಿಂದ ಬರ್ತಾರೆ?’ ಪಿಡಿಒ ಕೊಟ್ಟ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ತಾರೀಕು ಹಾಕಿಸುವುದನ್ನು ಮರೆಯಬೇಡಿ.